ಮಾವನ ಮೀನಖಂಡ

ನಾನು ಜೀವಮಾನದಲ್ಲಿ ಕೈಯಲ್ಲಿ ಹಿಡಿದ ರ‍್ಯಾಕೆಟ್ ಒಂದೇ, ಸೊಳ್ಳೆ ಬ್ಯಾಟು. ಅದನ್ನೂ ಸಂಜೆ ಆರರಿಂದ ಏಳರವರೆಗೆ ಮಾತ್ರ ಬೀಸುವುದು. ಆಮೇಲೆ ಅದರ ಚಾರ್ಜು ಮುಗಿಯುತ್ತದೆ. ಹೀಗಿರುವಾಗ ಕಳೆದ ಮಳೆಗಾಲದಲ್ಲಿ ಡಾಕ್ಟರು ನನ್ನ ಬಲ ಮೊಣಕೈಯ ಹೊರಬದಿಯ ಮೂಳೆಯನ್ನು ಹೆಬ್ಬೆರಳಿನಲ್ಲಿ ಒತ್ತಿ, ನಾನು "ಅಯ್ಯಪ್ಪಾ" ಎಂದದ್ದನ್ನು ಕೇಳಿ ಸಮಾಧಾನಪಟ್ಟು, "ಟೆನಿಸ್ ಎಲ್ಬೋ" ಎಂದಾಗ ನೋವಿನ ನಡುವೆಯೂ ಸ್ವಲ್ಪ ಹೆಮ್ಮೆಯಾಯಿತು. ನಮ್ಮ ವಂಶದಲ್ಲಿ ಇದುವರೆಗೆ ಬಂದ ಕಾಯಿಲೆಗಳೆಂದರೆ ಉಬ್ಬಸ, ಮೂಲವ್ಯಾಧಿ, ಸಕ್ಕರೆ. ಕ್ಲಬ್ಬಿನ ವಾಸನೆಯುಳ್ಳ ಕಾಯಿಲೆ ಬಂದದ್ದು ನನಗೇ ಮೊದಲು.

ಮನೆಗೆ ಬಂದು ಹೇಳಿದೆ. ಹೆಂಡತಿ ನಂಬಲಿಲ್ಲ. "ಟೆನಿಸ್ ಆಡೋರಿಗೆ ಬರೋದಲ್ವಾ ಅದು? ನೀವು ಯಾವಾಗ ಆಡಿದ್ರಿ? ಯಾರ ಜೊತೆ?" ಎಂದು ಕೇಳಿದಳು. ಮೂರನೆಯ ಪ್ರಶ್ನೆಯಲ್ಲಿ ಸ್ವಲ್ಪ ಖಾರವಿತ್ತು. ಒದ್ದೆ ಟವೆಲ್ ಹಿಂಡಲಾಗದೆ, ಕುಕ್ಕರಿನ ಮುಚ್ಚಳ ತಿರುಗಿಸಲಾಗದೆ, ಹಾಲಿನ ಪಾತ್ರೆ ಎತ್ತಿದರೆ ಮಣಿಕಟ್ಟಿನವರೆಗೆ ಕರೆಂಟು ಹೊಡೆದಂತಾಗುವ ನನ್ನ ಸ್ಥಿತಿಯನ್ನು ಕಂಡ ಮೇಲೆ ಅವಳಿಗೆ ನಂಬಿಕೆ ಬಂತು. ಹಾಗೆಯೇ ಮನೆಗೆಲಸದಿಂದ ತಪ್ಪಿಸಿಕೊಳ್ಳಲು ಇದಕ್ಕಿಂತ ಅನುಕೂಲವಾದ ಕಾಯಿಲೆ ಇನ್ನೊಂದಿಲ್ಲ ಎಂಬುದೂ ಅವಳಿಗೆ ಹೊಳೆಯಿತು.

ತಪ್ಪು ಮೌಸಿನದು. ನನ್ನ ಉದ್ಯೋಗ ಮೆಡಿಕಲ್ ಕೋಡಿಂಗ್. ಹೀಗೆಂದರೆ ಊರಿನಲ್ಲಿ ಎಲ್ಲರೂ ನನ್ನನ್ನು ಕಾಂಪೌಂಡರ್ ಎಂದುಕೊಳ್ಳುತ್ತಾರೆ. ಅಮೆರಿಕದ ಯಾವುದೋ ಆಸ್ಪತ್ರೆಯಲ್ಲಿ ಯಾರೋ ಬಿದ್ದು ಎದ್ದು ಹೋದ ಮೇಲೆ, ಅಲ್ಲಿಯ ಡಾಕ್ಟರು ಬರೆದಿಟ್ಟ ಟಿಪ್ಪಣಿಯನ್ನು ಬೆಂಗಳೂರಿನಲ್ಲಿ ಕುಳಿತು ಓದಿ, ಪ್ರತಿ ರೋಗಕ್ಕೂ ಪ್ರತಿ ಪೆಟ್ಟಿಗೂ ಒಂದೊಂದು ಸಂಖ್ಯೆ ಹಚ್ಚುವುದು ನನ್ನ ಕೆಲಸ. ಆ ಸಂಖ್ಯೆಯ ಮೇಲೆ ವಿಮೆಯ ಹಣ ನಿಂತಿದೆ. 2015ರ ಅಕ್ಟೋಬರ್ 1ರಿಂದ ಅಮೆರಿಕದವರು ಬಳಸುತ್ತಿರುವ ಪಟ್ಟಿಯಲ್ಲಿ ಇಂಥ ಸಂಖ್ಯೆಗಳು ಸುಮಾರು 70 ಸಾವಿರ ಇವೆ. ಬಾತುಕೋಳಿ ಹೊಡೆದು ಗಾಯವಾದರೆ ಅದಕ್ಕೂ ಒಂದು. ನನ್ನ ಮೊಣಕೈಗೆ ಎಂ77.11. ಆಸ್ಪತ್ರೆಯ ಮೆಟ್ಟಿಲಿಳಿಯುವ ಮೊದಲೇ ನನ್ನ ಕೋಡನ್ನು ನಾನೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಜಾತಕ ಬರೆಯುವವನಿಗೆ ತನ್ನ ಸಾಡೇಸಾತಿ ಮೊದಲೇ ಗೊತ್ತಾಗುವ ಹಾಗೆ.

ಬಲಗೈಗೆ ರಜೆ ಸಿಕ್ಕಿದ್ದರಿಂದ ಎಡಗೈಯಲ್ಲಿ ಪುಟ ತಿರುವುತ್ತ ಈ ಕಾಯಿಲೆಯ ಪೂರ್ವೋತ್ತರ ಹುಡುಕಿದೆ. ಮೊದಲ ತಮಾಷೆ ಅಲ್ಲೇ ಸಿಕ್ಕಿತು. ಈ ನೋವನ್ನು ವೈದ್ಯಲೋಕಕ್ಕೆ ಮೊದಲು ವಿವರಿಸಿದವನು ರುಂಗೆ ಎಂಬ ಜರ್ಮನ್ ವೈದ್ಯ, 1873ರಲ್ಲಿ. ಅವನು ಬರೆದದ್ದು ಆಟಗಾರರ ಬಗ್ಗೆ ಅಲ್ಲ, ಬರೆದು ಬರೆದು ಕೈ ಸೆಟೆದುಕೊಂಡವರ ಬಗ್ಗೆ. ಲಾನ್ ಟೆನಿಸ್ ಆಟಕ್ಕೆ ಪೇಟೆಂಟ್ ಸಿಕ್ಕಿದ್ದು 1874ರಲ್ಲಿ. ಅಂದರೆ ಟೆನಿಸ್ ಎಲ್ಬೋ ಲಾನ್ ಟೆನಿಸ್‌ನ ಪೇಟೆಂಟಿಗಿಂತ ಒಂದು ವರ್ಷ ದೊಡ್ಡದು! ಗುಮಾಸ್ತರ ಮನೆಯಲ್ಲಿ ಹುಟ್ಟಿದ ಕೂಸನ್ನು ಕ್ಲಬ್ಬಿನವರು ದತ್ತು ತೆಗೆದುಕೊಂಡು ತಮ್ಮ ಹೆಸರಿಟ್ಟರು. ಇವತ್ತಿಗೂ ಈ ನೋವಿನವರಲ್ಲಿ ಬಹುಪಾಲು ಮಂದಿ ಟೆನಿಸ್ ಆಡಿದವರಲ್ಲ. ಬಡಗಿಗಳು, ಪೇಂಟರುಗಳು, ಬಟ್ಟೆ ಹಿಂಡುವವರು, ನನ್ನಂಥ ಮೌಸು ಹಿಡಿದವರು.

ಎರಡನೆಯ ತಮಾಷೆ ಪೇಟೆಂಟ್ ತೆಗೆದುಕೊಂಡವನದು. ಅವನು ಮೇಜರ್ ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡ್, ಇಂಡಿಯಾದಲ್ಲೂ ಚೀನಾದಲ್ಲೂ ದುಡಿದು ಬಂದ ಬ್ರಿಟಿಷ್ ಸೇನಾಧಿಕಾರಿ. ಕಂಬ, ಬಲೆ, ಚೆಂಡು, ರ‍್ಯಾಕೆಟ್, ನಿಯಮಗಳ ಪುಸ್ತಕ ಎಲ್ಲವನ್ನೂ ಒಂದು ಪೆಟ್ಟಿಗೆಗೆ ತುಂಬಿ ಐದು ಗಿನಿಗೆ ಮಾರಿದ. ಅವನ ಕೋರ್ಟು ಡಮರುಗದ ಹಾಗೆ ನಡುವಿನಲ್ಲಿ ಸಣ್ಣ. ಆಟಕ್ಕೆ ಇಟ್ಟ ಹೆಸರು ಸ್ಫೈರಿಸ್ಟಿಕೆ. ಆ ಹೆಸರೂ ಆ ಸೊಂಟವೂ ಉಳಿಯಲಿಲ್ಲ. 1877ರ ಮೊದಲ ವಿಂಬಲ್ಡನ್ ಹೊತ್ತಿಗೆ ಕೋರ್ಟು ಆಯತವಾಗಿತ್ತು. ಪೆಟ್ಟುಗಳು ಮಾತ್ರ ತಡಮಾಡಲಿಲ್ಲ. 1882ರಲ್ಲಿ ಕುದುರೆ ಸವಾರರ ಉಳುಕಿನ ಬಗ್ಗೆ ಬರೆಯುತ್ತಿದ್ದ ಲಂಡನ್ನಿನ ವೈದ್ಯನೊಬ್ಬ 'ಲಾನ್ ಟೆನಿಸ್ ತೋಳು' ಎಂಬ ಮಾತು ತಂದ. ಮರುವರ್ಷ 'ಲಾನ್ ಟೆನಿಸ್ ಮೊಣಕೈ' ಬಂತು. ಅದನ್ನು ಬರೆದವನ ಹೆಸರು ಮೇಜರ್. ಇದು ಹುದ್ದೆಯಲ್ಲ, ಮನೆತನದ ಹೆಸರು. ಆಟ ಕೊಟ್ಟವನೂ ಮೇಜರ್, ನೋವಿಗೆ ಹೆಸರು ಕೊಟ್ಟವನೂ ಮೇಜರ್. ನನ್ನ ಕಂಪ್ಯೂಟರಿನಲ್ಲಾದರೆ ಇಬ್ಬರೂ ಒಂದೇ ಫೈಲಿಗೆ ಹೋಗುತ್ತಿದ್ದರು. ಅದೇ 1883ರಲ್ಲಿ 'ಲಾನ್ ಟೆನಿಸ್ ಕಾಲು' ಕೂಡ ವೈದ್ಯಪತ್ರಿಕೆ ಸೇರಿತು. ಆಟಕ್ಕೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ, ಆಗಲೇ ತೋಳು, ಮೊಣಕೈ, ಕಾಲು ಅದರ ಹೆಸರಿಗೆ ಖಾತೆಯಾಗಿದ್ದವು.

ಟೆನಿಸ್ ಕಾಲು ಎಂಬುದನ್ನು ಓದುತ್ತಿದ್ದಂತೆ ನನಗೆ ಮಾವನ ನೆನಪಾಯಿತು. ನೆನಪಾದದ್ದೇ ತಡ ಎಂಬಂತೆ ಆ ವಾರವೇ ಮಾವ ಬಂದಿಳಿದರು.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಸೋಮವಾರಪೇಟೆ ಕಡೆಯವರು. ಸೈನ್ಯದಲ್ಲಿ 22 ವರ್ಷ ದುಡಿದು ಹವಾಲ್ದಾರರಾಗಿ ನಿವೃತ್ತರಾದವರು. ಕಣ್ಣಿನ ಪೊರೆ ತೋರಿಸಲು ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿಗೆ ಬಂದಿದ್ದರು. ಬರುವಾಗ ಕೈಯಲ್ಲಿ ಒಂದು ಚೀಲ ಕಿತ್ತಳೆ, ಇನ್ನೊಂದು ಚೀಲದಲ್ಲಿ ಅವರ ಕಾಗದಗಳು. ಊರಿನಲ್ಲಿ ಅವು ಇರುವುದು ಬಿಳಿ ಬಣ್ಣದಲ್ಲಿ ನಂಬರು, ಹೆಸರು ಬರೆದ ಕರಿ ಟ್ರಂಕಿನಲ್ಲಿ. ಮಾವ ಆಸ್ಪತ್ರೆಗೆ ಹೋಗುವುದಿದ್ದರೆ ಕಾಗದಗಳೂ ಜೊತೆಗೆ ಪ್ರಯಾಣ ಮಾಡುತ್ತವೆ. "ಫೌಜಿನಲ್ಲಿ ಮನುಷ್ಯ ಹಿಂದೆ, ಕಾಗದ ಮುಂದೆ" ಎಂಬುದು ಅವರ ಸಿದ್ಧಾಂತ.

ನನ್ನ ಮೊಣಕೈಗೆ ಕಟ್ಟಿದ ಪಟ್ಟಿ ನೋಡಿ ಕೇಳಿದರು. ಹೇಳಿದೆ. ಮಾವ ತೊಡೆ ತಟ್ಟಿ ನಕ್ಕರು. "ಎಲಾ ಅಳಿಯಪ್ಪಾ! ಟೆನಿಸ್ ಆಡಿದೋನು ನಾನು. ನನ್ನ ಮೊಣಕೈ ನೋಡು, ಕಬ್ಬಿಣ. ಟೆನಿಸ್ ಆಡ್ದೆ ಇರೋ ನಿಂಗೆ ಟೆನಿಸ್ ಎಲ್ಬೋ. ಟೆನಿಸ್ ಆಡಿದ ನಂಗೆ ಏನು ಬರೆದ್ರು ಗೊತ್ತಾ? ವಾಲಿಬಾಲ್!"

ಮಾವನ ಕಾಲಿಗೆ ಎಂದೋ ಪೆಟ್ಟಾಗಿತ್ತು ಎಂಬುದಷ್ಟು ನಮಗೆಲ್ಲ ಗೊತ್ತು. ಅದರಲ್ಲಿ ಟೆನಿಸ್ ಇತ್ತೆಂಬುದು ಅವತ್ತೇ ತಿಳಿದದ್ದು. ಕಾಫಿ ಎರಡು ಸಲ ಆಯಿತು, ಕಥೆ ಮುಗಿಯಲಿಲ್ಲ.

ಹುಡುಗನಾಗಿದ್ದಾಗ ಮಾವ ತೋಟದವರ ಕ್ಲಬ್ಬೊಂದರಲ್ಲಿ ಚೆಂಡು ಹೆಕ್ಕುತ್ತಿದ್ದರು. ದೊರೆಗಳ ಕಾಲ ಮುಗಿದು ನಮ್ಮವರೇ ದೊರೆಗಳಾಗಿದ್ದ ಕಾಲ. ಆಟಕ್ಕೆ ಜನ ಕಡಿಮೆಯಾದ ಮಳೆಗಾಲದ ಸಂಜೆಗಳಲ್ಲಿ ಆಟ ಕಲಿಸುವ ಮಾರ್ಕರ್ ಇವರ ಕೈಗೆ ತಂತಿ ಸಡಿಲವಾದ ರ‍್ಯಾಕೆಟ್ ಕೊಟ್ಟು ಎದುರು ನಿಲ್ಲಿಸಿಕೊಳ್ಳುತ್ತಿದ್ದ. ಹಾಗೆ ಕಲಿತ ವಿದ್ಯೆ ಸೈನ್ಯ ಸೇರಿದ ಮೇಲೆ ಮರೆತೇ ಹೋಗಿತ್ತು. ಜವಾನರಿಗೆ ವಾಲಿಬಾಲು, ಹಾಕಿ, ಕಬಡ್ಡಿ. ಟೆನಿಸ್ ಕೋರ್ಟು ಅಫೀಸರ್ ಮೆಸ್ಸಿನ ಪಕ್ಕದಲ್ಲಿ, ಬೇಲಿಯ ಆಚೆ.

1986ರಲ್ಲಿ ಉತ್ತರದ ಒಂದು ಕಂಟೋನ್ಮೆಂಟಿನಲ್ಲಿದ್ದಾಗ ಸಿಒ, ಅಂದರೆ ಕಮಾಂಡಿಂಗ್ ಆಫೀಸರ್ ಸಾಹೇಬರ ಜೊತೆ ಆಡುತ್ತಿದ್ದ ಮೇಜರ್ ಎರಡು ತಿಂಗಳ ರಜೆಗೆ ಹೋದರು. ಸಾಹೇಬರಿಗೆ ಸಂಜೆಯ ಟೆನಿಸ್ ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಇಡೀ ಯೂನಿಟ್ಟಿಗೆ ಕಷ್ಟ. ಯಾರೋ ಮಾವನ ಹೆಸರು ಹೇಳಿದರು. "ಶಾಮ್ ಕೋ ಕೋರ್ಟ್ ಪರ್ ಆ ಜಾನಾ" ಎಂದು ಅಪ್ಪಣೆಯಾಯಿತು. ಕೋರ್ಟು ಎಂದದ್ದಕ್ಕೆ ಏನು ತಪ್ಪು ಮಾಡಿದೆನೋ ಎಂದು ಮಾವ ಮಧ್ಯಾಹ್ನವಿಡೀ ಬೆವೆತರಂತೆ.

ಕಂದು ಕ್ಯಾನ್ವಾಸಿನ ಪಿಟಿ ಶೂ, ಖಾಕಿ ಚಡ್ಡಿ, ಸಾಹೇಬರದೇ ಹಳೆಯ ಮರದ ರ‍್ಯಾಕೆಟ್. ಮೊದಲ ವಾರ ಮಾವ ಪ್ರತಿ ಚೆಂಡನ್ನೂ ಸಾಹೇಬರ ಬಲಗೈಗೇ ತಲುಪಿಸಿದರು. ಎರಡನೆಯ ವಾರ ಸಾಹೇಬರೇ ಗದರಿದರು: "ಸಲ್ಯೂಟ್ ಹೊಡೀಬೇಡ, ಬಾಲು ಹೊಡಿ." ಮೂರನೆಯ ವಾರದ ಒಂದು ಸಂಜೆ ಸಾಹೇಬರ ಸರ್ವಿಸು, ಸ್ಕೋರು ಮೂವತ್ತು-ನಲವತ್ತು. ಒಂದು ಪಾಯಿಂಟ್ ಬಂದರೆ ಗೇಮು ಮಾವನದು. ಸಾಹೇಬರು ಬಲೆಯ ಹತ್ತಿರಕ್ಕೆ ಮೆತ್ತಗೆ ಚೆಂಡು ಬೀಳಿಸಿದರು. ಮಾವ ಹಿಂದಿನಿಂದ ಓಡಿದರು. ಕೊನೆಯ ಹೆಜ್ಜೆಯಲ್ಲಿ ಎಡಗಾಲು ನೆಟ್ಟಗೆ ಚಾಚಿ ನೆಲ ಒದ್ದದ್ದೇ, ಹಿಂದಿನಿಂದ ಯಾರೋ ಕಲ್ಲು ಬೀರಿದ ಹಾಗೆ ಮೀನಖಂಡಕ್ಕೆ 'ಫಟ್' ಎಂದು ಬಿತ್ತು. ಬೀಳುತ್ತ ಬೀಳುತ್ತ ಮಾವ ತಿರುಗಿ ನೋಡಿದರು. ಹಿಂದೆ ಚೆಂಡು ಹೆಕ್ಕುವ ಹುಡುಗ ಒಬ್ಬನೇ, ಬಾಯಿ ತೆರೆದು ನಿಂತಿದ್ದ.

ಇದೇ ಆ 1883ರ ಟೆನಿಸ್ ಕಾಲು. ಮಂಡಿ ನೆಟ್ಟಗಿದ್ದು ಪಾದ ಮೇಲೆ ಬಾಗಿದಾಗ ಮೀನಖಂಡದ ಒಳಮಗ್ಗುಲಿನ ಸ್ನಾಯು ಹರಿಯುತ್ತದೆ. ಹರಿದವರೆಲ್ಲ ಮೊದಲು ಮಾಡುವ ಕೆಲಸ ತಿರುಗಿ ನೋಡುವುದು. ಹಿಂದಿನಿಂದ ಯಾರೋ ಹೊಡೆದರು ಎಂದೇ ಎಲ್ಲರೂ ಹೇಳುವುದು. ವೈದ್ಯಗ್ರಂಥಗಳು ಇದನ್ನೊಂದು ಲಕ್ಷಣವೆಂದೇ ಬರೆದಿವೆ. ಆದರೆ ಯೂನಿಟ್ಟಿನ ಚಿಕಿತ್ಸಾ ಕೋಣೆಯಾದ ಎಂಐ ರೂಮಿನಲ್ಲಿ ಅಂದು ಕೂತಿದ್ದ ನರ್ಸಿಂಗ್ ಅಸಿಸ್ಟೆಂಟ್ ಆ ಗ್ರಂಥ ಓದಿರಲಿಲ್ಲ. ಏನಾಯಿತು ಎಂದು ಕೇಳಿದ. ಮಾವ ನೋವಿನಲ್ಲಿ, "ಪೀಛೇ ಸೇ ಕಿಸೀನೇ ಮಾರಾ" ಎಂದರು. ಅವನು ಸಿಕ್ ರಿಪೋರ್ಟ್ ಪುಸ್ತಕದಲ್ಲಿ ಶಾಯಿಯಲ್ಲಿ ಬರೆದ: ಅಪರಿಚಿತರಿಂದ ಹಿಂದಿನಿಂದ ಹೊಡೆತ.

ಸೈನ್ಯದಲ್ಲಿ ಹವಾಲ್ದಾರನ ಮೇಲೆ ಹಿಂದಿನಿಂದ ಹೊಡೆತ ಬಿದ್ದರೆ ಅದು ಸಣ್ಣ ಸಂಗತಿಯಲ್ಲ. ರಾತ್ರಿಯೇ ಸುಬೇದಾರ್ ಮೇಜರ್ ಬಂದರು. ಚೆಂಡು ಹೆಕ್ಕುವ ಹುಡುಗನನ್ನು ನಿಲ್ಲಿಸಿ ಕೇಳಿದರು. ಅವನು ಅಳತೊಡಗಿದ. ಬೆಳಿಗ್ಗೆ ಬಂದ ಡಾಕ್ಟರ್ ಸಾಹೇಬರು ಮೀನಖಂಡ ಮುಟ್ಟಿ ನೋಡಿ ನಕ್ಕು, ಆ ಸಾಲನ್ನು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಹುಡುಗ ಬಚಾವಾದ. ಆದರೆ ಹೊಡೆದು ಹಾಕಿದ ಸಾಲಿನ ಜಾಗದಲ್ಲಿ ಏನು ಬರೆಯುವುದು?

ಇಲ್ಲಿಂದ ಕಥೆ ಹೆಡ್ ಕ್ಲರ್ಕ್ ಕೈಗೆ ಹೋಯಿತು. ಸೈನಿಕನಿಗೆ ಪೆಟ್ಟಾದರೆ ಇಂಜುರಿ ರಿಪೋರ್ಟ್ ತುಂಬಬೇಕು. ಐಎಎಫ್‌ವೈ 2006 ಎಂಬುದು ಅದರ ನಂಬರು. ಎಲ್ಲಿ, ಯಾವಾಗ, ಹೇಗೆ ಎಂಬುದರ ಜೊತೆಗೆ ಅದು ಕೇಳುವ ದೊಡ್ಡ ಪ್ರಶ್ನೆ: ಈತ ಆಗ ಡ್ಯೂಟಿಯಲ್ಲಿದ್ದನೇ? ಸೇವೆಯ ಕಾರಣದಿಂದಾದ ಪೆಟ್ಟೇ? ಕಾಲು ಮುಂದೆ ಊನವಾದರೆ ಸಿಗುವ ಪಿಂಚಣಿ ಈ ಉತ್ತರದ ಮೇಲೆ ನಿಂತಿರುತ್ತದೆ. ಉತ್ತರದ ಕೆಳಗೆ ಅಭಿಪ್ರಾಯ ಬರೆದು ಸಹಿ ಹಾಕಬೇಕಾದವರು ಸಿಒ ಸಾಹೇಬರು. ಬಲೆಯ ಆಚೆ ನಿಂತು ಆ ಚೆಂಡು ಬೀಳಿಸಿದವರೇ ಅವರು. ಟೆನಿಸ್ ಕೋರ್ಟಿನಿಂದ ಕೋರ್ಟ್ ಆಫ್ ಎಂಕ್ವೈರಿಗೆ ದೂರ ಬಹಳವಿಲ್ಲ ಎಂದು ಮಾವನಿಗೆ ಅಂದು ಅರ್ಥವಾಯಿತು.

ಹೆಡ್ ಕ್ಲರ್ಕ್ ಎರಡು ದಿನ ಯೋಚಿಸಿದರು. ಸೈನ್ಯದಲ್ಲಿ ಸಂಜೆಯ ಆಟಕ್ಕೂ ಪರೇಡ್ ಎಂದೇ ಹೆಸರು, ಗೇಮ್ಸ್ ಪರೇಡ್. ಅದರಲ್ಲಿ ಪೆಟ್ಟಾದರೆ ಡ್ಯೂಟಿಯೇ, ತಕರಾರಿಲ್ಲ. ಆದರೆ ಜವಾನರ ಗೇಮ್ಸ್ ಪರೇಡಿನ ಪಟ್ಟಿಯಲ್ಲಿ ಟೆನಿಸ್ ಇಲ್ಲ. ಹವಾಲ್ದಾರ ಅಫೀಸರರ ಕೋರ್ಟಿನಲ್ಲಿ ಏನು ಮಾಡುತ್ತಿದ್ದ ಎಂದು ಮೇಲಿನವರು ಕೇಳಿದರೆ? ಮೂರನೆಯ ದಿನ ಟೈಪಾದ ಕಾಗದ ಆಸ್ಪತ್ರೆಯ ಮಂಚಕ್ಕೆ ಬಂತು: 'ಗೇಮ್ಸ್ ಪರೇಡಿನಲ್ಲಿ ವಾಲಿಬಾಲ್ ಆಡುವಾಗ.'

"ಸಾಬ್, ನಾನು ವಾಲಿಬಾಲ್ ಆಡಲೇ ಇಲ್ಲ" ಎಂದರಂತೆ ಮಾವ.

"ನಿನಗೆ ಪೆನ್ಷನ್ ಬೇಕೋ, ಟೆನಿಸ್ ಬೇಕೋ?" ಎಂದರಂತೆ ಹೆಡ್ ಕ್ಲರ್ಕ್.

ಮಾವನಿಗೆ ಆಗ ಇಬ್ಬರು ಸಣ್ಣ ಮಕ್ಕಳು. ಸಹಿ ಮಾಡಿದರು.

ಭಾರತೀಯ ಸೈನಿಕನ ಶರೀರ ಐದು ಅಕ್ಷರಗಳಲ್ಲಿದೆ: ಎಸ್, ಎಚ್, ಎ, ಪಿ, ಇ. ಸೇರಿಸಿ ಓದಿದರೆ ಶೇಪ್. ಮನಸ್ಸು, ಕಿವಿ, ಕೈಕಾಲು, ದೇಹಬಲ, ಕಣ್ಣು. ಐದಕ್ಕೂ 1 ಬಿದ್ದರೆ ಶೇಪ್ ಒನ್. ಮಾವನ ಬಾಯಲ್ಲಿ ಅದು ಪದ್ಮಶ್ರೀಗೆ ಸಮ. ಅಮೆರಿಕದವರು ಇದನ್ನೇ ಆರು ಅಕ್ಷರ ಮಾಡಿಕೊಂಡಿದ್ದಾರೆ. ಅಲ್ಲಿ ಕೈಗೂ ಕಾಲಿಗೂ ಬೇರೆ ಬೇರೆ. ಮಾವನ ಎ ಪಕ್ಕದಲ್ಲಿದ್ದ 1 ಕೆಳಗಿಳಿಯಿತು. 24 ವಾರ ಲೋ ಮೆಡಿಕಲ್ ಕೆಟಗರಿ. ಪರೇಡಿಲ್ಲ, ಓಟವಿಲ್ಲ. ಅದೇ ಹೆಡ್ ಕ್ಲರ್ಕ್ ಎದುರಿನ ಮೇಜಿನಲ್ಲಿ ಕೂತು ರಿಜಿಸ್ಟರಿಗೆ ಗೆರೆ ಎಳೆಯುವ ಲೈಟ್ ಡ್ಯೂಟಿ. 24 ವಾರದ ಮೇಲೆ ಕಾಲು ಸರಿಹೋಯಿತು, ಎ ಪಕ್ಕದಲ್ಲಿ ಮತ್ತೆ 1 ಬಂತು. ಅಂಗವೈಕಲ್ಯ ಶೇಕಡಾ 20ಕ್ಕೆ ಮುಟ್ಟಿದರೆ ಮಾತ್ರ ಅದರ ಪಿಂಚಣಿ. ಗುಣವಾದ ಕಾಲಿಗೆ ಶೇಕಡಾ ಎಲ್ಲಿಂದ ಬರಬೇಕು?

"ಪೆನ್ಷನ್ನೂ ಬರಲಿಲ್ಲ, ಟೆನಿಸ್ಸೂ ಉಳೀಲಿಲ್ಲ" ಎಂದು ಮಾವ ಕಾಫಿ ಲೋಟ ಕೆಳಗಿಟ್ಟರು. ಪ್ಯಾಂಟಿನ ಕಾಲು ಮೇಲೆತ್ತಿ ಮೀನಖಂಡ ತೋರಿಸಿದರು. ನಮ್ಮ ಹಿರಿಯರು ಈ ಭಾಗಕ್ಕೆ ಮೀನಿನ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಎಪ್ಪತ್ತು ದಾಟಿದರೂ ಮಾವನದು ದಪ್ಪ ಮೀನಿನಂತೆಯೇ ಇದೆ. ಅದರ ಒಳಮಗ್ಗುಲಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ಗುಂಡಿ. ಟೆನಿಸ್ ಎಂದು ಎಲ್ಲಾದರೂ ದಾಖಲಾಗಿದ್ದರೆ ಅಲ್ಲಿ ಮಾತ್ರ.

ನಾನು ಕೋಡರ್. ಇಂಥ ಅನ್ಯಾಯ ನನ್ನ ಉದ್ಯೋಗಕ್ಕೇ ಅವಮಾನ. ಮಾವ ಮಲಗಿದ ಮೇಲೆ ಎಡಗೈಯಲ್ಲೇ ಕಂಪ್ಯೂಟರ್ ತೆರೆದೆ. ಮೊದಲು ಸಿಕ್ಕಿದ್ದು ನಮ್ಮ ಸೈನ್ಯದ 1982ರ ಪಿಂಚಣಿ ಅರ್ಹತಾ ನಿಯಮಗಳು. ಸೇನಾಧಿಕಾರಿಗಳು ಏರ್ಪಡಿಸಿದ ಅಥವಾ ಅನುಮತಿ ಕೊಟ್ಟ ಮನರಂಜನೆಯಲ್ಲಿ ಭಾಗವಹಿಸುವುದೂ ಡ್ಯೂಟಿ ಎಂದು ಅವುಗಳ ಹನ್ನೆರಡನೆಯ ನಿಯಮ ಹೇಳುತ್ತಿತ್ತು. ಅನುಮತಿ! ಕರೆದದ್ದೂ ಸಿಒ, ಆಡಿದ್ದೂ ಸಿಒ, ಚೆಂಡು ಬೀಳಿಸಿದ್ದೂ ಸಿಒ. ಇದಕ್ಕಿಂತ ಗಟ್ಟಿಯಾದ ಅನುಮತಿ ಸೈನ್ಯದ ಚರಿತ್ರೆಯಲ್ಲೇ ಸಿಗಲಿಕ್ಕಿಲ್ಲ. ನಿಜ ಬರೆದಿದ್ದರೂ ಸಾಕಿತ್ತು; ಹೆಡ್ ಕ್ಲರ್ಕರ ವಾಲಿಬಾಲ್ ದಂಡವಾಯಿತು. ಬರೆಯದೆ ಬಿಟ್ಟದ್ದೂ ಸೈನಿಕನ ಕೈ ಹಿಡಿಯುವುದುಂಟು. 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿತು: ಸೇರುವಾಗ ಕಾಗದದಲ್ಲಿ ಯಾವ ರೋಗದ ಷರಾ ಇಲ್ಲದಿದ್ದರೆ, ಆಮೇಲೆ ಕಾಣಿಸಿಕೊಂಡ ರೋಗ ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊರೆ ಸೈನಿಕನ ಮೇಲಿಲ್ಲ.

ಆಮೇಲೆ ನನ್ನ 70 ಸಾವಿರದ ಪಟ್ಟಿಗೆ ಇಳಿದೆ. ಎಡ ಮೀನಖಂಡದ ಸ್ನಾಯು ಹರಿದದ್ದಕ್ಕೆ ಎಸ್86.112. ಆಡುತ್ತಿದ್ದದ್ದು ರ‍್ಯಾಕೆಟ್ ಆಟ, ವೈ93.73, ವಾಲಿಬಾಲಿಗೆ ಬೇರೆಯೇ ಸಂಖ್ಯೆ ಇದೆ, ಅದನ್ನು ಮುಟ್ಟಲಿಲ್ಲ. ಎಲ್ಲಿ? ಇಲ್ಲಿ ತೊಡಕು ಬಂತು. ಟೆನಿಸ್ ಕೋರ್ಟಿಗೆ ವೈ92.312 ಇದೆ. ಸೇನಾ ನೆಲೆಗೆ ಪ್ರತ್ಯೇಕ ಸಂಖ್ಯೆಗಳಿವೆ: ಅದರ ಅಡಿಗೆಮನೆ, ಊಟದ ಮೆಸ್ಸು, ಬ್ಯಾರಕ್ಕು, ಗ್ಯಾರೇಜು, ಈಜುಕೊಳ, ಕೈತೋಟ ಕೂಡ. ಟೆನಿಸ್ ಕೋರ್ಟು ಮಾತ್ರ ಇಲ್ಲ. ಕಂಟೋನ್ಮೆಂಟಿನ ಟೆನಿಸ್ ಕೋರ್ಟಿನಲ್ಲಿ ಬಿದ್ದವನು ಟೆನಿಸ್ ಕೋರ್ಟಿನಲ್ಲಿ ಬೀಳಬೇಕು, ಇಲ್ಲವೆ ಕಂಟೋನ್ಮೆಂಟಿನಲ್ಲಿ ಬೀಳಬೇಕು. ರ‍್ಯಾಕೆಟ್ಟಿನಿಂದ ಪೆಟ್ಟು ತಿಂದರೆ ಡಬ್ಲ್ಯು21.12, ಟೆನಿಸ್ ಚೆಂಡಿನಿಂದ ಪೆಟ್ಟು ತಿಂದರೆ 'ಇತರ ಚೆಂಡು'. ಫುಟ್‌ಬಾಲ್, ಗಾಲ್ಫ್, ವಾಲಿಬಾಲ್ ಚೆಂಡುಗಳಿಗೆಲ್ಲ ಸ್ವಂತ ಸಂಖ್ಯೆ. ಇಲ್ಲೂ ವಾಲಿಬಾಲಿನದೇ ಗೆಲುವು!

ಕೊನೆಯ ಪ್ರಶ್ನೆ ಎಂದಿನಂತೆ ಅದೇ: ಪೆಟ್ಟಾದಾಗ ಈತ ಏನಾಗಿದ್ದ? ಸೈನಿಕ ಕರ್ತವ್ಯವಾದರೆ ವೈ99.1. ಬಿಡುವಿನ ಆಟವಾದರೆ ವೈ99.8. ನಾಟೋ ದೇಶಗಳ ಸೈನ್ಯಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡು ಬಳಸಿದ ಇನ್ನೊಂದು ಪಟ್ಟಿಯಿದೆ. ಅದೂ ಮೊದಲ ಅಂಕಿಯಲ್ಲೇ ಯುದ್ಧವೋ, ಜಗಳವೋ, ತಾಲೀಮೋ, ಡ್ಯೂಟಿಯೋ, ಡ್ಯೂಟಿಯ ಹೊರಗೋ ಎಂದು ಕೇಳುತ್ತದೆ. ಆದರೆ ಅದನ್ನು ಮಾಡಿದವರಲ್ಲಿ ಯಾರೋ ಅನುಭವಸ್ಥನಿದ್ದಿರಬೇಕು, ಡ್ಯೂಟಿಯಲ್ಲಿದ್ದನೋ ಇಲ್ಲವೋ ತಿಳಿಯದು ಎಂಬುದಕ್ಕೂ ಒಂದು ಅಂಕಿ ಇಟ್ಟಿದ್ದಾನೆ. ಸಾಹೇಬರ ಎದುರು ಟೆನಿಸ್ ಆಡುವ ಹವಾಲ್ದಾರನನ್ನು ಕಣ್ಣೆದುರು ಇಟ್ಟುಕೊಂಡೇ ಬರೆದ ಹಾಗಿದೆ. ಮೊದಲ ವಾರ ಮಾವ ಡ್ಯೂಟಿಯಲ್ಲಿದ್ದರು, ಅದರಲ್ಲಿ ಸಂಶಯವಿಲ್ಲ. ಮೂರನೆಯ ವಾರ, ಮೂವತ್ತು-ನಲವತ್ತರಲ್ಲಿ, ಆ ಚೆಂಡಿನ ಹಿಂದೆ ಓಡುವಾಗ? ಅಷ್ಟು ಜೋರಾಗಿ ಅಪ್ಪಣೆಗೆ ಯಾರೂ ಓಡುವುದಿಲ್ಲ.

ಬೆಳಿಗ್ಗೆ ಒಂದು ಬಿಳಿ ಹಾಳೆಯ ಮೇಲೆ ಎಡಗೈಯಲ್ಲಿ ಸೊಟ್ಟಪಟ್ಟ ಬರೆದು ಮಾವನಿಗೆ ಕೊಟ್ಟೆ. ಪೆಟ್ಟು, ಆಟ, ಜಾಗ, ಎಲ್ಲಕ್ಕೂ ಸಂಖ್ಯೆ. ಆಟದ ಎದುರಿಗೆ ಕನ್ನಡದಲ್ಲಿ ದೊಡ್ಡದಾಗಿ 'ಟೆನಿಸ್'. ಡ್ಯೂಟಿಯ ಸಾಲು ಮಾತ್ರ ಖಾಲಿ. "ಇದು ಸರ್ಕಾರಿ ಕಾಗದ ಅಲ್ಲ ಮಾವ. ಆದ್ರೆ ಅಮೆರಿಕದ ಪಟ್ಟಿ ಪ್ರಕಾರ ಸರಿಯಾಗಿದೆ. ಡ್ಯೂಟೀಲಿದ್ರೋ ಇಲ್ವೋ ಅನ್ನೋದನ್ನ ನೀವೇ ಹೇಳ್ಬೇಕು."

ಮಾವ ಪೊರೆ ಬಂದ ಕಣ್ಣಿಗೆ ಹಾಳೆಯನ್ನು ಹತ್ತಿರ ತಂದು ಓದಿದರು. ಟಿವಿಯಲ್ಲಿ ಟೆನಿಸ್ ಬಂದರೆ ಮಾವ ಹೀಗೇ ಪರದೆಗೆ ಮೂಗು ತಾಗಿಸಿ ಕೂರುವುದು. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೆಯ ವಯಸ್ಸಿನಲ್ಲಿ, ಕಾರ್ಟಿಲೇಜ್ ಸವೆದ ಮಂಡಿ ಇಟ್ಟುಕೊಂಡು ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಮಾವ ಫೋನ್ ಮಾಡಿ ಹೇಳಿದ್ದು ಒಂದೇ ಮಾತು, "ಕಾಲು ನೋಡಿದ್ಯಾ?" ನನಗೆ ಆಗ ಅರ್ಥವಾಗಿರಲಿಲ್ಲ.

ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ನೋಡಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. ಖಾಲಿ ಸಾಲಿನ ಮೇಲೆ ಅವರ ಬೆರಳು ನಿಲ್ಲಲೇ ಇಲ್ಲ.

"ಎಲ್ಲಾ ಇದೆ ಅಳಿಯಪ್ಪಾ. ಸ್ಕೋರು ಬರೆಯೋ ಜಾಗ ಎಲ್ಲಿದೆ?"

"ಸ್ಕೋರು ಬರೆಯೋದಿಲ್ಲ ಮಾವ."

"ಹಂಗಾದ್ರೆ ಆ ಬಾಲು ಏನಾಯ್ತು ಅಂತ ಎಲ್ಲಿ ಬರೀತಾರೆ?"

ನಾನು ಸುಮ್ಮನಿದ್ದೆ. ಮಾವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಕಾಗದದ ಚೀಲದಲ್ಲಿ ಎಲ್ಲಕ್ಕಿಂತ ಮೇಲಿಟ್ಟು, ಜಿಪ್ಪು ಎಳೆದರು.

"ಬಲೆ ದಾಟಿ ಗೆರೆ ಒಳಗೆ ಬಿತ್ತು" ಎಂದರು. "ಸಾಹೇಬ್ರು ನಿಂತಲ್ಲೇ ನಿಂತಿದ್ರು. ಗೇಮು ನಂದು."